ಸುಣ್ಣಪ್ಪನ ಬಣ್ಣ ಎಲ್ಲಿಗೆ ಹೋಗಿತ್ತು?

ಆಕಾಶದ ಹಸಿ ಇನ್ನೂ ಆರಿರದ ಕಾಲ. ಗುಡ್ಡಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಾ ತಿರುಗುತ್ತಿದ್ದವು. ಆಗ ಹಾವುಗಳಿಗೆಲ್ಲ ಒಂದೇ ಬಣ್ಣ, ಮಣ್ಣಿನ ಬಣ್ಣ.

ಹೊಳೆದಂಡೆಯಲ್ಲಿ ದುರುಗಿ ಅನ್ನೋ ಕುಂಬಾರಗಿತ್ತಿ ಇದ್ದಳು. ಮಂದಿ ನಾಯಿ ಸಾಕಿದ ಹಾಗೆ ಅವಳು ಹಾವು ಸಾಕುತ್ತಿದ್ದಳು. ಹಾವಿಗೊಂದು ಮಡಕೆ, ಮಡಕೆಗೊಂದು ಹಾವು.

ಒಂದು ಸಲ ಮೊಟ್ಟೆ ಬಿರಿದು ಬೆಳ್ಳನೆ ಮರಿಯೊಂದು ಹೊರಗೆ ಬಂತು. "ಬಾರೋ ನನ್ನ ಸುಣ್ಣಪ್ಪಾ!" ಅಂತ ದುರುಗಿ ಕುಣಿದಳು.

ಸುಣ್ಣಪ್ಪ ಬೆಳೆದ. ಉಳಿದ ಹಾವುಗಳು ಬುಸುಗುಟ್ಟಿದವು. "ಇವನ ಬಿಳುಪು ಹದ್ದಿಗೆ ಹರದಾರಿ ದೂರದಿಂದ ಕಾಣತ್ತೆ. ಇವನ ಜತೆ ನಾವೂ ಸಾಯಬೇಕಾ? ಇವನಂಥದು ಇನ್ನೊಂದು ಹುಟ್ಟಿದರೆ ನಮ್ಮವನು ಅನ್ನೋಣ. ಇಲ್ಲದಿದ್ರೆ ದಂಡೆ ಬಿಟ್ಟು ನಡೀಲಿ!"

ಮೇಲೆ ಹದ್ದು ಕೊಕ್ಕು ಮಸೆಯಿತು. "ನಡೀಲಿ, ನಡೀಲಿ!"

ದುರುಗಿ ಸುಣ್ಣಪ್ಪನಿಗೆ ಮಣ್ಣುಬಣ್ಣದ ಹೆಣ್ಣು ತಂದಳು. ಹೆಣ್ಣು ಮೊಟ್ಟೆ ಇಟ್ಟಿತು. "ಮಡಕೆಗೆ ಬಣ್ಣ ಹೇಗೆ ಬರತ್ತೆ? ಬಳಿದರೆ ತಾನೇ!" ಅಂತ ದುರುಗಿ ಮೊಟ್ಟೆಗಳಿಗೆಲ್ಲ ಸುಣ್ಣ ಬಳಿದು, ಬೆಚ್ಚನೆ ಹೊಟ್ಟಿನಲ್ಲಿ ಮುಚ್ಚಿಟ್ಟಳು.

ಮರಿ ಬಂದವು. ಎಲ್ಲವೂ ಮಣ್ಣಿನ ಬಣ್ಣ!

ಹದ್ದು ನಕ್ಕಿದ್ದೇ ನಕ್ಕಿದ್ದು. "ಏನೇ ದುರುಗಿ, ಮೊಟ್ಟೆಗೆ ಸುಣ್ಣ ಬಳಿದೆಯಂತೆ! ಮನೇಲಿ ಮದುವೆಯೇನೇ?"

ಸುಣ್ಣಪ್ಪ ತಲೆ ತಗ್ಗಿಸಿದ. "ಅವ್ವಾ, ನಾ ಹೋಗ್ತೀನಿ."

"ನಿಲ್ಲೋ!" ಅಂದಿತು ಹೊಳೆ. "ಬೇಸಿಗೇಲಿ ನಾನು ಮರಳಿನೊಳಗೆ ಇಳೀತೀನಿ. ಮಂದಿ, ಹೊಳೆ ಸತ್ತಿತು ಅಂತಾರೆ. ಸತ್ತಿದ್ದೀನಾ? ಮುಂದೆ ಹೋಗಿ ಏಳ್ತೀನಿ."

ದುರುಗಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪೆದ್ದುತನವೇ! ಬಣ್ಣ ಹೊರಗಿಂದ ಬಳಿಯೋದಲ್ಲ, ಅದು ಒಳಗೇ ಹರೀತಿದೆ! ಹಾವುಗಳಾ, ಇವನ ಮೊಮ್ಮಕ್ಕಳು ಬರೋವರೆಗೆ ತಡೀರಪ್ಪಾ."

"ಅಷ್ಟೇ. ಆಮೇಲೆ ಒಂದು ದಿನವೂ ಇಲ್ಲ" ಅಂದವು ಹಾವುಗಳು.

ಸುಣ್ಣಪ್ಪನ ಮಕ್ಕಳು ಬೆಳೆದವು, ಜೋಡಿಯಾದವು, ಮೊಟ್ಟೆ ಇಟ್ಟವು. ಈ ಸಲ ದುರುಗಿ ಏನೂ ಬಳಿಯಲಿಲ್ಲ. ಮಡಕೆಗೆ ಕಿವಿ ಹಚ್ಚಿ ಕೂತಳು. ಗಾಳಿಯೂ ಉಸಿರು ಬಿಗಿಹಿಡಿದು ಬಂದು ಪಕ್ಕಕ್ಕೆ ಕೂತಿತು.

ಟಪ್! ಒಂದು ಮಣ್ಣುಮರಿ. ಟಪ್! ಇನ್ನೊಂದು ಮಣ್ಣುಮರಿ. ಸುಣ್ಣಪ್ಪ ಆಸೆ ಬಿಟ್ಟು ಆಚೆ ಮುಖ ತಿರುಗಿಸಿದ.

ಟಪ್! ಬೆಳ್ಳಗೆ ಒಂದು ತಲೆ ಇಣುಕಿತು. ಹಿಂದೆಯೇ ಅರಿಶಿನದಂಥದು! ಅದರ ಹಿಂದೆ ಕೆಂಪು ಪಟ್ಟೆಯದು!

ಹದ್ದು ಸರ್ರನೆ ಇಳಿದು ನೋಡಿತು. ಬಿಸಿಲೋ, ಹೂವೋ, ಹಾವೋ, ಒಂದೂ ತಿಳಿಯದೆ ಬೆಪ್ಪಾಗಿ ಹಾರಿಹೋಯಿತು. ಹಾವುಗಳು ಸುಣ್ಣಪ್ಪನನ್ನು ನಡುವೆ ಕೂರಿಸಿಕೊಂಡವು. "ತಾತಾ, ನೀನು ನಮ್ಮವನೋ!" ದುರುಗಿ ಮಡಕೆಗಳನ್ನು ಡೋಲು ಮಾಡಿ ಬಾರಿಸಿದಳು. ಮೂರು ಒಡೆದವು. ಯಾರಿಗೆ ಬೇಕು ಆ ಲೆಕ್ಕ!

ಅದಕ್ಕೇ ಪುಟ್ಟಿ, ಇವತ್ತಿಗೂ ಮಣ್ಣುಬಣ್ಣದ ಅಪ್ಪ ಅಮ್ಮನ ಮೊಟ್ಟೆಯಿಂದ ಒಮ್ಮೊಮ್ಮೆ ಬೆಳ್ಳನೆ ಹಾವಿನಮರಿ ತಲೆ ಎತ್ತಿ ಬರತ್ತೆ, ನಾನಿನ್ನೂ ಇದ್ದೀನಿ ನೋಡಿ ಅಂತ.