ಬಳೆ ವ್ಯಾಪಾರಿಯ ಗಾಡಿಯ ನಡುಕ

"ಅಜ್ಜಾರ, ನಾ ಎಚ್ಚರ ಜಾಸ್ತಿ ಮಾಡಿದಂಗೆಲ್ಲ ಮಂದಿ ಚದರಾಕತ್ತಾರ. ಇನ್ನೂ ಏನು ಕಟ್ಟುನಿಟ್ಟು ಮಾಡಬೇಕ್ರಿ?"

ಮಠದ ಸ್ವಾಮಿಗಳಾದ ಅಜ್ಜನವರನ್ನು ಹೀಗೆ ಕೇಳಿದವನು ಅವರ ಶಿಷ್ಯ ರಾಚಯ್ಯ. ಪ್ರತಿ ವರ್ಷ ಯುಗಾದಿಗೆ ಆ ಮಠದಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯ ಯಾತ್ರೆ ಹೊರಡುತ್ತದೆ. ಅದರ ಮುಂದಾಳು ಅವನೇ. ಹೋದ ವರ್ಷ ಹಂಪವ್ವ ಎಂಬ ಮುದುಕಿ ದಾರಿಯ ಬಿಸಿಲಿನಲ್ಲಿ ಕುಸಿದು ಪ್ರಾಣ ಬಿಟ್ಟಳು. ಆಗ ರಾಚಯ್ಯ ನೀರು ಹುಡುಕಿಕೊಂಡು ಮುಂದೆ ಹೋಗಿದ್ದ. ಯಾರೂ ಅವನನ್ನು ದೂರಲಿಲ್ಲ. ಆದರೆ ಅಂದಿನಿಂದ ಅವನ ಬಾಯಲ್ಲಿ ಆ ಮುದುಕಿಯ ಹೆಸರು ಬಂದಿಲ್ಲ. ಬಂದದ್ದೆಲ್ಲ ಕಟ್ಟಳೆಗಳೇ. ಸಾಲು ಬಿಟ್ಟು ನಡೆಯಬಾರದು, ದಾರಿಯಲ್ಲಿ ಹಾಡಬಾರದು, ತನ್ನನ್ನು ಕೇಳದೆ ಕೂರಬಾರದು, ಕೇಳದೆ ನೀರು ಕುಡಿಯಬಾರದು. ಕೇಳಿದ ಜನ ಬೇಸತ್ತರು. ಹೊರಡುವ ದಿನ ಹತ್ತಿರ ಬಂದಂತೆ ಒಬ್ಬೊಬ್ಬರೇ ನೆಪ ಹೇಳಿ ಹಿಂದೆ ಸರಿದರು. ತಲೆಮಾರುಗಳಿಂದ ನಡೆದು ಬಂದ ಯಾತ್ರೆ ಈ ಸಲ ನಿಂತೇ ಹೋಗುವ ಹಾಗಿತ್ತು.

ಅಜ್ಜನವರು ಕೂಡು ಎಂದು ಕೈ ಮಾಡಿ ಒಂದು ಕತೆ ತೆಗೆದರು. ಅಜ್ಜನವರಿಗೆ ಮೋಟಾರ್ ಸೈಕಲ್ಲಿನ ಕತೆ ಎಲ್ಲಿಂದ ಬಂತು ಎಂದು ಯಾರೂ ಅಚ್ಚರಿಪಡಬೇಕಿಲ್ಲ. ಮಠ ಇರುವುದು ಹೆದ್ದಾರಿಯ ಮಗ್ಗುಲಲ್ಲಿ. ದಾಸೋಹದಲ್ಲಿ ಉಂಡು ಹೋಗುವ ಸವಾರರು ಅನ್ನದ ಋಣಕ್ಕೆ ಒಂದಿಷ್ಟು ಮಾತು ಬಿಟ್ಟು ಹೋಗುತ್ತಾರೆ.

ಒಂದು ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಗಾಜಿನ ವ್ಯಾಪಾರ ಮಾಡುವವನಿಗೆ ಎಚ್ಚರ ಯಾರೂ ಕಲಿಸಬೇಕಾಗಿಲ್ಲ. ಎಲ್ಲದರಲ್ಲೂ ಅಳೆದು ಸುರಿದು ನಡೆಯುವ ಮನುಷ್ಯ. ಆದರೆ ಅವನಿಗೊಂದು ಹುಚ್ಚು ಇತ್ತು. ಮದುವೆಯ ಕಾಲ ಮುಗಿದು ಅಂಗಡಿ ತಣ್ಣಗಾದ ಕೂಡಲೇ ದೊಡ್ಡ ಮೋಟಾರ್ ಸೈಕಲ್ ಹತ್ತಿ ದೇಶ ಸುತ್ತಲು ಹೊರಡುತ್ತಿದ್ದ. ಹಿಂದಿನ ಸೀಟಿನಲ್ಲಿ ಅವನ ತಮ್ಮ. ಅಣ್ಣ ತಮ್ಮಂದಿರು ಹೊರಟರೆಂದರೆ ಕಡಲು ಕಾಣುವವರೆಗೆ ಹಿಂದಿರುಗುತ್ತಿರಲಿಲ್ಲ.

ಒಂದು ಸಲ ಊರಿಲ್ಲದ ಕೇರಿಯಿಲ್ಲದ ಬಯಲಿನಲ್ಲಿ ಗಾಡಿ ಪಂಕ್ಚರ್ ಆಯಿತು. ತೂತು ಮುಚ್ಚಲು ತೇಪೆ ಇತ್ತು, ಗಾಳಿ ಹೊಡೆಯಲು ಪಂಪು ಇರಲಿಲ್ಲ. ಅಣ್ಣ ಗಾಡಿ ಕಾಯುತ್ತ ನಿಂತ. ತಮ್ಮ ಪಂಪು ಹುಡುಕಿಕೊಂಡು ಹೆದ್ದಾರಿಯ ಅಂಚು ಹಿಡಿದು ನಡೆದ. ಹಿಂದಿನಿಂದ ಬಂದ ಲಾರಿ ಅವನನ್ನು ಬಡಿಯಿತು. ಅಣ್ಣ ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವ್ಯಾಪಾರಿ ಅಳಲಿಲ್ಲ. ಮನೆಗೆ ಬಂದ ನೆಂಟರಿಷ್ಟರು ಗೋಳೋ ಎಂದರು, ಅವನು ಕಲ್ಲಿನ ಹಾಗೆ ಕೂತಿದ್ದ. ದಿನಕರ್ಮಗಳು ಮುಗಿದ ಮೇಲೆ ಪೇಟೆಗೆ ಹೋಗಿ ಒಂದು ಪಂಪು ಕೊಂಡು ತಂದ. ಮಾರನೆಯ ವಾರ ಇನ್ನೊಂದು ತಂದ, ಮೊದಲನೆಯದು ಕೆಟ್ಟರೆ ಇರಲಿ ಎಂದು.

ಕಾಲ ಸರಿಯಿತು. ಮನುಷ್ಯ ಒಳಗೊಳಗೇ ಕರಗುತ್ತಿದ್ದುದನ್ನು ಅವನ ಹೆಂಡತಿ ನೋಡಿದಳು. ಇವರನ್ನು ಮನೆಯಲ್ಲಿ ಕೂರಿಸಿದರೆ ಇವರೂ ನನಗೆ ಉಳಿಯುವುದಿಲ್ಲ ಎನಿಸಿತು. ನಡೆಯಿರಿ, ಹಿಂದೆ ನಾನು ಕೂರುತ್ತೇನೆ ಎಂದಳು. ಗಾಡಿಯ ಸದ್ದಿಗೇ ಬೆಚ್ಚುತ್ತಿದ್ದ ಹೆಂಗಸು ಗಂಡನಿಗಾಗಿ ಧೈರ್ಯ ತಂದುಕೊಂಡಿದ್ದಳು.

ವ್ಯಾಪಾರಿ ಒಪ್ಪಿದ. ಆದರೆ ಬರಿಗೈಲಿ ಹೊರಡುವ ಕಾಲ ಅವನ ಪಾಲಿಗೆ ಮುಗಿದಿತ್ತು. ಸೀಟಿನ ಹಿಂದೆ, ಹಿಂಚಕ್ರಕ್ಕಿಂತಲೂ ಆಚೆಗೆ ಚಾಚುವಂತೆ, ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಕೂರಿಸಿದ. ಅದರಲ್ಲಿ ಪಂಪುಗಳು, ಟ್ಯೂಬುಗಳು, ನಟ್ಟು ಬಿಗಿಯುವ ಪಾನಾಗಳು, ಚೈನು, ಎಳೆಯುವ ಹಗ್ಗ, ಔಷಧ, ಎಣ್ಣೆ. ದಾರಿಯಲ್ಲಿ ಯಾರೋ ಒಬ್ಬನ ಕ್ಲಚ್ ತಂತಿ ಹರಿದದ್ದು ಕಂಡರೆ ಮುಂದಿನ ಊರಿನಲ್ಲಿ ಕ್ಲಚ್ ತಂತಿ ಪೆಟ್ಟಿಗೆ ಸೇರುತ್ತಿತ್ತು. ಲೋಕದಲ್ಲಿ ಆಪತ್ತುಗಳಿಗೆ ಬರವೇ? ಪೆಟ್ಟಿಗೆ ತುಂಬುತ್ತಲೇ ಹೋಯಿತು.

ಗಾಡಿ ನಡುಗತೊಡಗಿದ್ದು ಆಮೇಲೆ. ಮೆಲ್ಲಗೆ ಹೋದರೆ ಏನೂ ಇಲ್ಲ. ಹೆದ್ದಾರಿಗೆ ಬಿದ್ದು ವೇಗ ಏರಿದರೆ ಹ್ಯಾಂಡಲ್ ಅತ್ತಿತ್ತ ತೂಗುತ್ತಿತ್ತು. ಮುಂಚಕ್ರ ಒಂದು ಕಡೆ, ಹಿಂಚಕ್ರ ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ. ಒಂದು ದಿನ ಇಳಿಜಾರಿನಲ್ಲಿ ಆ ತೂಗಾಟ ಕೈ ಮೀರಿತು. ವ್ಯಾಪಾರಿ ಹ್ಯಾಂಡಲನ್ನು ಜೀವ ಬಿಗಿಹಿಡಿದು ಅವುಚಿದ. ಬಿಗಿ ಹಿಡಿದಷ್ಟೂ ನಡುಕ ಹೆಚ್ಚಿತು. ಬ್ರೇಕು ಒತ್ತಿದ, ಇನ್ನೂ ಹೆಚ್ಚಿತು. ಹಿಂದೆ ಹೆಂಡತಿ ಮಲ್ಲಯ್ಯಾ ಮಲ್ಲಯ್ಯಾ ಎಂದು ದೇವರನ್ನು ಕೂಗುತ್ತಿದ್ದಳು. ಅದೃಷ್ಟಕ್ಕೆ ರಸ್ತೆ ಮತ್ತೆ ಏರಿತು, ಗಾಡಿಯ ವೇಗ ತಾನಾಗಿ ತಗ್ಗಿತು, ನಡುಕ ನಿಂತಿತು. ಇಬ್ಬರೂ ರಸ್ತೆಬದಿಗೆ ಇಳಿದು ಕೂತರು. ತಮ್ಮನನ್ನು ತಿಂದ ದಾರಿ ಈಗ ಹೆಂಡತಿಯನ್ನೂ ಕೇಳುತ್ತಿದೆ ಎಂದು ಅವನಿಗೆ ಅನಿಸಿತು.

ಊರಿಗೆ ಬಂದವನೇ ಗಾಡಿಯನ್ನು ಗ್ಯಾರೇಜಿನ ಮೇಸ್ತ್ರಿಯ ಬಳಿಗೆ ಒಯ್ದ. ಬಳೆಯವರಲ್ಲಿ ಒಂದು ರೂಢಿಯಿದೆ. ಸರಕು ಇಳಿಸದೆ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಗಾಜು ಒಡೆದರೆ ಯಾರನ್ನು ಕೇಳುವುದು? ಅಪ್ಪ ಅಜ್ಜಂದಿರು ಎತ್ತಿನ ಬಂಡಿಯಲ್ಲಿ ಪಾಲಿಸಿದ್ದನ್ನು ಇವನು ಮೋಟಾರ್ ಸೈಕಲ್ಲಿನಲ್ಲಿ ಪಾಲಿಸಿದ. ಪೆಟ್ಟಿಗೆಯನ್ನು ಬಿಚ್ಚಿ ಮನೆಯ ಪಡಸಾಲೆಯಲ್ಲಿಟ್ಟು, ಗಾಡಿಯ ಮೈ ತೊಳೆಸಿ, ಬರಿಯ ಗಾಡಿಯನ್ನು ಗ್ಯಾರೇಜಿಗೆ ಕೊಟ್ಟ.

ಮೇಸ್ತ್ರಿ ಗಾಡಿ ಹತ್ತಿ ಹೆದ್ದಾರಿಗೆ ಹೋಗಿ ಬಂದ. ಗಾಡಿ ಬಾಣದ ಹಾಗೆ ಹೋಯಿತು. ವೈದ್ಯರ ಮನೆ ಹೊಕ್ಕ ಕೂಡಲೇ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಆದರೂ ಗಿರಾಕಿಯ ಸಮಾಧಾನಕ್ಕೆ ಮುಂದಿನ ಟೈರು ಹೊಸದು ಹಾಕಿದ. ವ್ಯಾಪಾರಿ ಮನೆಗೆ ಹೋಗಿ ಪೆಟ್ಟಿಗೆ ಕೂರಿಸಿ ಹೆಂಡತಿಯೊಡನೆ ಹೊರಟ. ನಡುಕ ಅಲ್ಲೇ ಕಾದಿತ್ತು. ಮತ್ತೆ ಬಂದ. ಹ್ಯಾಂಡಲ್ ತಿರುಗುವ ಕುತ್ತಿಗೆಯೊಳಗಿನ ಗುಂಡುಗಳನ್ನು ಮೇಸ್ತ್ರಿ ಬದಲಿಸಿದ. ಹಿಂಚಕ್ರವನ್ನು ನೇರ ಮಾಡಿದ. ರಿಮ್ಮಿನ ಕಡ್ಡಿಗಳನ್ನು ಬಿಗಿದ. ಪ್ರತಿ ಸಲವೂ ಅವನ ಕೈಯಲ್ಲಿ ಗಾಡಿ ಸಾಧು, ಗಿರಾಕಿಯ ಕೈಯಲ್ಲಿ ಹುಚ್ಚುಕುದುರೆ. ಕೊನೆಗೆ ಮೇಸ್ತ್ರಿಗೆ ರೇಗಿತು. ನಡುಗುವುದು ಗಾಡಿಯಲ್ಲ, ನೀವು ಎಂದುಬಿಟ್ಟ. ವ್ಯಾಪಾರಿಗೆ ಅವಮಾನವಾಯಿತು. ಬೇರೆ ಗ್ಯಾರೇಜಿಗೆ ಹೋದ. ಅಲ್ಲಿಗೂ ಬರಿಯ ಗಾಡಿಯನ್ನೇ ಒಯ್ದ. ಅಲ್ಲಿಯೂ ಅದೇ ಕತೆ ಆಯಿತು.

ಹೆಂಡತಿ ಕೈ ಮುಗಿದಳು. ಇನ್ನೊಂದು ಸಲ ಹೀಗಾದರೆ ನಾನು ಗಾಡಿ ಹತ್ತುವುದಿಲ್ಲ ಎಂದಳು. ಅವಳು ಹತ್ತದಿದ್ದರೆ ತಾನು ಮತ್ತೆ ಆ ಪಡಸಾಲೆಯಲ್ಲಿ ಕಲ್ಲಾಗಿ ಕೂರಬೇಕು ಎಂಬುದು ವ್ಯಾಪಾರಿಗೆ ಗೊತ್ತಿತ್ತು. ಮಾನ ಮರ್ಯಾದೆ ಬದಿಗಿಟ್ಟು ಮೊದಲಿನ ಮೇಸ್ತ್ರಿಯ ಬಳಿಗೇ ಬಂದ.

ಮೇಸ್ತ್ರಿಯೂ ಅಷ್ಟು ಹೊತ್ತಿಗೆ ತಣ್ಣಗಾಗಿದ್ದ. ಅವನಿಗೂ ಪೇಟೆಯಲ್ಲಿ ಹೆಸರು ಕೆಟ್ಟಿತ್ತು. ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ಹಿಂಗ ತೊಳದ ತರಬ್ಯಾಡ್ರಿ ಸಾಹುಕಾರ್ರ. ದೂರದ ಊರಿಗೆ ಹೊಂಟಾಗ ಹೆಂಗ ಹೊಂಡತೀರಿ, ಹಂಗ ಬರ್ರಿ. ಏನೂ ಕಳಚಬ್ಯಾಡ್ರಿ" ಎಂದ.

ಮರುದಿನ ವ್ಯಾಪಾರಿ ಹಾಗೆಯೇ ಬಂದ. ಪೆಟ್ಟಿಗೆಯೂ ಬಂತು, ಹೆಂಡತಿಯೂ ಬಂದಳು. ಮೇಸ್ತ್ರಿ ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೈ ಬಿಟ್ಟ. ಯಾರೂ ಮುಟ್ಟದೆ ಮುಂಚಕ್ರ ನೆಲ ಬಿಟ್ಟು ಮೇಲೆದ್ದು ನಿಂತಿತು. ಬಾಲದ ಭಾರಕ್ಕೆ ಮೂತಿ ಎದ್ದಿತ್ತು. ದಾರಿ ತೋರಿಸಬೇಕಾದ ಚಕ್ರ ಇಷ್ಟು ದಿನ ನೆಲವನ್ನು ಒತ್ತಿ ಹಿಡಿಯದೆ ಬರೀ ಸವರಿಕೊಂಡು ಓಡಿತ್ತು. ಮೇಸ್ತ್ರಿ ಹಣೆ ಬಡಿದುಕೊಂಡ. ಅವರು ತೋರಿಸಲಿಲ್ಲ, ನಾನೂ ಕೇಳಲಿಲ್ಲ ಎಂದು ತನ್ನನ್ನೇ ಬೈದುಕೊಂಡ.

ರೋಗ ತಿಳಿಯಿತು, ಮದ್ದು ಸುಲಭ ಎಂದುಕೊಂಡೆಯಾ? ಅಲ್ಲಿಂದಲೇ ಕಷ್ಟ ಶುರುವಾಯಿತು. ಪೆಟ್ಟಿಗೆ ಇಳಿಸಿರಿ ಎಂದರೆ ವ್ಯಾಪಾರಿ ಅದರ ಮೇಲೆ ಕೈ ಇಟ್ಟು ನಿಂತುಬಿಟ್ಟ. ಇನ್ನೇನು ಬೇಕಾದರೂ ಬದಲಿಸು, ಇದನ್ನು ಮುಟ್ಟಬೇಡ ಎಂದ. ಮೇಸ್ತ್ರಿ ಮುಚ್ಚಳ ತೆರೆದು ಒಂದೊಂದೇ ಸಾಮಾನು ಹೊರಗಿಟ್ಟ. ವ್ಯಾಪಾರಿ ಒಂದೊಂದನ್ನೇ ಒಳಗಿಟ್ಟ. ಇದು ಇಲ್ಲದಿದ್ದರೆ ಹೀಗಾಗುತ್ತದೆ, ಅದು ಇಲ್ಲದಿದ್ದರೆ ಹಾಗಾಗುತ್ತದೆ ಎಂದು ಪ್ರತಿಯೊಂದಕ್ಕೂ ಒಂದು ಆಪತ್ತು ಹೇಳಿದ. ಮೇಸ್ತ್ರಿ ಕೊನೆಗೆ ಪಾನಾ ಕೆಳಗಿಟ್ಟ.

ಆಗ ಹೆಂಡತಿ ಬಾಯಿಬಿಟ್ಟಳು.

"ನಿಮ್ಮ ತಮ್ಮ ಪಂಪು ಇಲ್ಲದ ಸತ್ತ. ನಾ ಈ ಪಂಪಿನ ಭಾರಕ್ಕ ಸಾಯಬೇಕೇನ್ರಿ?"

ವ್ಯಾಪಾರಿಯ ಕೈ ಪೆಟ್ಟಿಗೆಯ ಮೇಲಿಂದ ಜಾರಿತು. ತಮ್ಮ ಸತ್ತ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಅವನೆದುರು ಆಡಿರಲಿಲ್ಲ, ಅವನೂ ಆಡಿರಲಿಲ್ಲ. ಎಣ್ಣೆ ಹಿಡಿದ ಆ ನೆಲದ ಮೇಲೆ ಕೂತು, ಪೇಟೆಯ ಜನ ನೋಡುತ್ತಿರುವಂತೆಯೇ, ಮುಖ ಮುಚ್ಚಿಕೊಂಡು ಅತ್ತ. ತಮ್ಮನ ಹೆಸರು ಹಿಡಿದು ಅತ್ತ. ಅಳಬೇಕಾದ ದಿನ ಅಳದೆ ಸಾಮಾನು ಕೊಂಡಿದ್ದ. ಆ ಅಳು ಅಷ್ಟು ವರ್ಷ ಪೆಟ್ಟಿಗೆಯಲ್ಲೇ ಕೂತು ಅವನ ಹಿಂದೆ ಸವಾರಿ ಮಾಡಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಮೇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಎಳೆದ.

ಆಮೇಲೆ ಕೆಲಸ ಬೇಗ ಮುಗಿಯಿತು. ಒಂದು ಪಂಪು, ಒಂದಿಷ್ಟು ತೇಪೆ, ಎರಡು ಪಾನಾ ಉಳಿದವು. ಬಟ್ಟೆಬರೆಯನ್ನು ಎರಡು ಚೀಲ ಮಾಡಿ ಗಾಡಿಯ ಎರಡೂ ಮಗ್ಗುಲಿಗೆ, ತಗ್ಗಿನಲ್ಲಿ, ಸವಾರರ ಹತ್ತಿರಕ್ಕೆ ಕಟ್ಟಿದರು. ಇಬ್ಬರ ತೂಕಕ್ಕೆ ತಕ್ಕಂತೆ ಗಾಳಿ ಹೊಡೆದರು. ನಡುಕ ಬಂದರೆ ಬ್ರೇಕಿನ ತಂಟೆಗೆ ಹೋಗಬೇಡಿ, ಮೈ ಮುಂದಕ್ಕೆ ಬಾಗಿಸಿ, ಹಿಡಿ ಸಡಿಲಿಸಿ, ವೇಗವನ್ನು ಮೆಲ್ಲಗೆ ಇಳಿಸಿ ಎಂದು ಮೇಸ್ತ್ರಿ ಹೇಳಿಕೊಟ್ಟ. ಪೆಟ್ಟಿಗೆ ಅಲ್ಲೇ ಗ್ಯಾರೇಜಿನಲ್ಲಿ ಉಳಿಯಿತು.

ಗಂಡ ಹೆಂಡತಿ ಹೆದ್ದಾರಿಗೆ ಹೋದರು. ಗಾಡಿ ವೇಗ ಹಿಡಿಯಿತು. ಅದೇ ಇಳಿಜಾರು ಬಂತು, ಹೋಯಿತು. ಹಿಂದಿನಿಂದ ಹೆಂಡತಿ ಏನೋ ಕೂಗಿದಳು. ವ್ಯಾಪಾರಿ ಗಾಬರಿಯಿಂದ ಕಿವಿಗೊಟ್ಟ. ಅವಳು ಹಾಡುತ್ತಿದ್ದಳು.

ಅಜ್ಜನವರು ಇಷ್ಟು ಹೇಳಿ ನಿಲ್ಲಿಸಿದರು. ರಾಚಯ್ಯ ತಲೆ ತಗ್ಗಿಸಿ ಕೂತಿದ್ದ. "ಹಂಗಾದ್ರ ಕಟ್ಟಳೆ ಕಡಿಮಿ ಮಾಡ್ಲೇನ್ರಿ, ಅಜ್ಜಾರ?" ಎಂದ.

ಅಜ್ಜನವರು ಅವನ ಮುಖವನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನ್ನ ಪ್ರಶ್ನಿ ಇನ್ನೊಮ್ಮೆ ಕೇಳು ರಾಚಯ್ಯ, ಈ ಸಲ ಏನೂ ಕಳಚಿಡದ ಕೇಳು."

ರಾಚಯ್ಯ ಬಾಯಿ ತೆರೆದ. ಬಂದದ್ದು ಹಂಪವ್ವನ ಹೆಸರು.