ಗಾಣಿಗನ ಮಗಳ ಮೊಡವೆ

“ಗುರುಗಳೇ, ನೀವು ಕೊಟ್ಟ ಜಪ ಹಿಡಿದ ಮೇಲೆ ನನ್ನ ಸಿಟ್ಟು ಹೆಚ್ಚಾಯಿತು. ನಿಮಗೆ ಬಂದು ಹೇಳಿದೆ. ಒಳಗಿನ ಕಸ ಹೊರಗೆ ಬರುತ್ತಿದೆ, ಒಳ್ಳೆಯದೇ ಅಂದಿರಿ. ಆಮೇಲೆ ಕೆಲವು ದಿನ ಸಿಟ್ಟು ಬರಲಿಲ್ಲ. ಜಪ ಫಲಿಸುತ್ತಿದೆ ಅಂದಿರಿ. ಈಗ ಮತ್ತೆ ಶುರುವಾಗಿದೆ. ನನಗೆ ತಲೆಬುಡ ತಿಳಿಯುತ್ತಿಲ್ಲ. ನಾನು ಸುಧಾರಿಸುತ್ತಿದ್ದೇನೋ, ಕೆಡುತ್ತಿದ್ದೇನೋ?”

ಕೇಳಿದವನು ಪಂಪಯ್ಯ, ಮಠಕ್ಕೆ ಹೊಸದಾಗಿ ಸೇರಿದ ಶಿಷ್ಯ. ಆ ಬೆಳಿಗ್ಗೆಯಷ್ಟೇ ಅಡುಗೆಯವನ ಮೇಲೆ ರೇಗಿ ತಂಬಿಗೆ ಎಸೆದಿದ್ದ. ಈಗ ಅವನ ಕಣ್ಣಲ್ಲಿ ನೀರಿತ್ತು.

ಗುರುಗಳಿಗೂ ಮೂಗಿನ ತುದಿಯಲ್ಲೇ ಕೋಪ. “ಅಳಬೇಡ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ” ಎಂದು ಶುರುಮಾಡಿದರು.

ಒಬ್ಬ ಗಾಣಿಗನಿದ್ದ. ಅವನ ಮನೆಯಲ್ಲಿ ಎಣ್ಣೆಗೆ ಬಗ್ಗದ ಕಾಯಿಲೆಯೇ ಇರಲಿಲ್ಲ. ತಲೆನೋವೇ? ನೆತ್ತಿಗೆ ಎಣ್ಣೆ. ಕಣ್ಣುರಿಯೇ? ಅಂಗಾಲಿಗೆ ಎಣ್ಣೆ. ಹೆಂಡತಿ ಮುನಿಸಿಕೊಂಡರೂ, ‘ಒಂದು ಎಣ್ಣೆಸ್ನಾನ ಮಾಡು, ಸರಿಹೋಗುತ್ತೆ’ ಅನ್ನುತ್ತಿದ್ದ. ಅದಕ್ಕೆ ಅವಳು ಏನನ್ನುತ್ತಿದ್ದಳೋ, ಅದು ನಿನಗೆ ಬೇಡ.

ಅವನಿಗೊಬ್ಬಳು ಮಗಳು. ವಯಸ್ಸಿಗೆ ಬಂದಳು, ಮುಖದ ತುಂಬ ಮೊಡವೆ ಎದ್ದವು. ಅದೇ ಹೊತ್ತಿಗೆ ಅವಳ ಜೀವದ ಗೆಳತಿಗೆ ಮದುವೆ ಗೊತ್ತಾಯಿತು. ‘ನೀನೇ ನನ್ನ ಕಳಸಗಿತ್ತಿ’ ಅಂತ ಗೆಳತಿ ಮೊದಲೇ ಹೇಳಿಟ್ಟಿದ್ದಳು. ಕಳಸಗಿತ್ತಿ ಅಂದರೆ ಕಳಸ ಹಿಡಿದು ಮದುಮಗಳ ಪಕ್ಕದಲ್ಲೇ ನಿಲ್ಲಬೇಕು. ಮದುಮಗಳನ್ನು ನೋಡಿದ ಕಣ್ಣೆಲ್ಲ ಆಮೇಲೆ ಬೀಳುವುದು ಅವಳ ಮೇಲೆ. ಈ ಮುಖ ಹೊತ್ತು ಅಲ್ಲಿ ನಿಲ್ಲುವುದು ಹೇಗೆ? ಹುಡುಗಿ ಊಟ ಬಿಟ್ಟು ಅತ್ತಳು.

ಗಾಣಿಗ ತಾನೇ ಆಡಿಸಿದ ಎಳ್ಳೆಣ್ಣೆ ಹಿಡಿದು ಊರಿನ ಪಂಡಿತನ ಹತ್ತಿರ ಹೋದ. ಪಂಡಿತ ಒಳ್ಳೆಯ ವೈದ್ಯ. ಮೋಸಗಾರ ಅಂತ ಈಗಲೇ ತೀರ್ಮಾನ ಮಾಡಬೇಡ, ನಿನಗೆ ಅದೊಂದು ಚಾಳಿ. ಅವನು ಬೇವು, ಅರಿಸಿನ, ಮಂಜಿಷ್ಠ ಅರೆದು ಹಾಕಿ, ಸಣ್ಣ ಉರಿಯಲ್ಲಿ ಎಣ್ಣೆ ಕಾಯಿಸಿದ. ಬತ್ತಿ ಅದ್ದಿ ಹಚ್ಚಿ ನೋಡಿದ. ಚಟಪಟ ಅನ್ನಲಿಲ್ಲ. ನೀರಿನಂಶ ಹೋಗಿದೆ, ಹದ ಬಂದಿದೆ ಅಂತ ಇಳಿಸಿ ಸೋಸಿ ಕೊಟ್ಟ. ಇದೇ ಎಣ್ಣೆಯಿಂದ ಎಷ್ಟೋ ಜನರ ಮುಖ ತಿಳಿಯಾಗಿತ್ತು. ಅದೂ ಸುಳ್ಳಲ್ಲ.

ಹುಡುಗಿ ಹಚ್ಚಿಕೊಂಡಳು. ಕೆನ್ನೆ ಉರಿಯಿತು. ಪಂಡಿತನ ಮನೆಗೆ ಓಡಿದಳು.

“ಉರಿಯಲಿ ತಾಯೀ. ಒಳಗಿನ ಉಷ್ಣ ಹೊರಗೆ ಬರುತ್ತಿದೆ. ಒಳ್ಳೆಯ ಲಕ್ಷಣ” ಅಂದ ಪಂಡಿತ.

ಹುಡುಗಿ ಸಮಾಧಾನದಿಂದ ಮನೆಗೆ ಬಂದು ಮತ್ತೆ ಹಚ್ಚಿಕೊಂಡಳು. ನಾಲ್ಕು ದಿನ ಹೊಸ ಮೊಡವೆ ಏಳಲಿಲ್ಲ. ನೋಡಿದೆಯಾ ತಾಯೀ ಎಣ್ಣೆಯ ಗುಣ, ಅಂದ ಪಂಡಿತ. ಆಮೇಲೆ ಅದುವರೆಗೆ ನುಣ್ಣಗಿದ್ದ ಗದ್ದದ ಮೇಲೂ ಎದ್ದವು. ಅಡಗಿದ್ದ ದೋಷವೂ ಹೊರಬಿತ್ತು ಅಂದ. ಕೀವು ತುಂಬಿತು. ಪಕ್ವವಾಗುತ್ತಿದೆ ಅಂದ. ಒಣಗಿ ಕಪ್ಪು ಕಲೆ ಕಟ್ಟಿತು. ಒಣಗಿತಲ್ಲ, ಮತ್ತೇನು ಅಂದ. ಅವನು ಬೇಕೆಂದು ಒಂದು ಸುಳ್ಳನ್ನೂ ಆಡಲಿಲ್ಲ. ಎಲ್ಲವನ್ನೂ ಮನಸಾರೆ ನಂಬಿ ಹೇಳಿದ.

ಅಪ್ಪ ಇನ್ನೊಂದು ಬಗೆ. ‘ಇವಳು ಜಿಪುಣಿಯ ಹಾಗೆ ತೊಟ್ಟು ತೊಟ್ಟು ಹಚ್ಚುತ್ತಾಳೆ, ಎಣ್ಣೆ ಸಾಲುತ್ತಿಲ್ಲ’ ಅಂತ ಅಂಗೈ ತುಂಬ ಸುರಿದು ತಾನೇ ತಿಕ್ಕಿದ. ಎಣ್ಣೆ ಮುಖ ಕೆಡಿಸಿತು ಅಂತ ಗಾಣಿಗನ ಮನೆಯಲ್ಲಿ ಬಾಯಿಬಿಟ್ಟು ಹೇಳುವುದುಂಟೇ? ಅಜ್ಜ ಮುತ್ತಜ್ಜಂದಿರಿಗೆ ಅನ್ನ ಹಾಕಿದ ಎಣ್ಣೆ ಅದು. ಆ ಮಾತು ಅವನ ತಲೆಗೆ ಹೊಳೆಯಲೂ ಇಲ್ಲ.

ಹುಡುಗಿಗೆ ದಿಕ್ಕೇ ತಪ್ಪಿತು. ಉರಿದ ದಿನ ಖುಷಿಪಡು ಅನ್ನುತ್ತಾರೆ. ಉರಿಯದ ದಿನವೂ ಖುಷಿಪಡು ಅನ್ನುತ್ತಾರೆ. ಕನ್ನಡಿ ಹಿಡಿದು ಕೂತರೆ ತಾನು ನೋಡುತ್ತಿರುವುದು ಕಾಯಿಲೆಯೋ, ಗುಣವೋ ತಿಳಿಯದು. ಬರಬರುತ್ತಾ ತನಗೆ ನೋಯುತ್ತಿದೆಯೋ ಇಲ್ಲವೋ ಅಂತಲೂ ಅಮ್ಮನನ್ನು ಕೇಳುವ ಹಾಗಾಯಿತು. ಪಾಪ, ಅಮ್ಮನಿಗೇನು ಗೊತ್ತು?

ಮದುವೆ ಹತ್ತಿರ ಬಂತು. ಗೆಳತಿ ಕರೆಯಲು ಬಂದಳು. ಹುಡುಗಿ ಹಿಂಡಿಯ ಮೂಟೆಗಳ ಹಿಂದೆ ಅವಿತುಕೊಂಡಳು. ಬೇರೆ ಕಳಸಗಿತ್ತಿಯನ್ನು ನೋಡಿಕೊಳ್ಳಲಿ ಅಂತ ಅಮ್ಮನ ಬಾಯಲ್ಲಿ ಹೇಳಿಸಿದಳು. ಗೆಳತಿ ಹೊಸಿಲಲ್ಲೇ ನಿಂತು ಅತ್ತಳು. ‘ನಾನೇನು ತಪ್ಪು ಮಾಡಿದೆ?’ ಅಂತ ಕೇಳುತ್ತಾ ಹೊರಟುಹೋದಳು.

ಅದನ್ನು ಕೇಳಿ ಹುಡುಗಿಗೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಳ್ಳುವುದನ್ನೂ ಮರೆತು ಬೀದಿಯಲ್ಲಿ ನಡೆದಳು. ಪಂಡಿತನ ಎದುರಿಗೆ ನಿಂತಳು.

“ಪಂಡಿತರೇ, ಈ ಎಣ್ಣೆ ನನಗೆ ಆಗಿಬರಲಿಲ್ಲ ಅಂತಿಟ್ಟುಕೊಳ್ಳಿ. ಆಗ ನನ್ನ ಮುಖ ಹೇಗಿರುತ್ತಿತ್ತು?”

ಪಂಡಿತ ಬಾಯಿ ತೆರೆದ. ಉರಿ ಅನ್ನೋಣವೇ? ಅದನ್ನು ಒಳ್ಳೆಯ ಲಕ್ಷಣ ಅಂದಾಗಿತ್ತು. ಕೀವು ಅನ್ನೋಣವೇ? ಅದನ್ನೂ ಅಂದಾಗಿತ್ತು. ಕಲೆಯನ್ನೂ ಒಳ್ಳೆಯದೇ ಅಂದಾಗಿತ್ತು. ಕೆಟ್ಟ ಲಕ್ಷಣ ಅನ್ನಲು ಅವನು ಒಂದನ್ನೂ ಉಳಿಸಿಕೊಂಡಿರಲಿಲ್ಲ. ಅವನಿಗೂ ಗಲಿಬಿಲಿಯಾಯಿತು. ಅಷ್ಟು ದಿನ ಅವಳ ಮುಖದಲ್ಲಿ ತನ್ನ ಎಣ್ಣೆಯನ್ನೇ ನೋಡುತ್ತಿದ್ದವನು, ಅವತ್ತು ಮುಖವನ್ನು ನೋಡಿದ.

“ಹೀಗೇ ಇರುತ್ತಿತ್ತು ತಾಯೀ” ಅಂದ.

ಎಣ್ಣೆಯ ಕುಡಿಕೆ ವಾಪಸು ತರಿಸಿಕೊಂಡ. ಮುಖಕ್ಕೆ ತಣ್ಣೀರು ಬಿಟ್ಟು ಏನೂ ಸೋಕಿಸಬೇಡ ಅಂದ. ಉರಿ ಇಳಿಯಿತು. ಮೊಡವೆ ಅಷ್ಟಿಷ್ಟು ಉಳಿದವು, ಕಲೆಯಂತೂ ಉಳಿದೇ ಉಳಿಯಿತು. ಮದುವೆಯ ದಿನ ಆ ಮುಖದಲ್ಲೇ ಹೋಗಿ ಕಳಸ ಹಿಡಿದು ಗೆಳತಿಯ ಪಕ್ಕ ನಿಂತಳು. ನೋಡಿದವರು ನೋಡಿದರು. ಮದುಮಗಳು ಮಾತ್ರ ಅವಳ ಕೈ ಬಿಡಲಿಲ್ಲ. ಗಾಣಿಗ ಮಾತ್ರ ಸಾಯುವವರೆಗೂ, ‘ಇನ್ನೊಂದು ಕುಡಿಕೆ ಹಚ್ಚಿದ್ದರೆ ಕಲೆಯೂ ಹೋಗುತ್ತಿತ್ತು’ ಅನ್ನುತ್ತಲೇ ಇದ್ದ.

ಗುರುಗಳು ನಿಲ್ಲಿಸಿದರು. ಕತೆ ಮುಗಿದಿದೆ ಎಂದು ಗೊತ್ತಾದಾಗ ಪಂಪಯ್ಯನ ಗೊಂದಲ ಇನ್ನಷ್ಟು ಹೆಚ್ಚಿತು.

“ಹಾಗಾದರೆ ಗುರುಗಳೇ, ನಾನು ಜಪ ಬಿಡಲೋ, ಮುಂದುವರಿಸಲೋ? ಅದನ್ನು ನೀವೇ ಹೇಳಿಬಿಡಿ.”

“ಅವಳು ಪಂಡಿತನನ್ನು ಕೇಳಿದ್ದನ್ನು ನನ್ನನ್ನು ಕೇಳಲು ನೀನು ಯಾಕಪ್ಪಾ ಹೆದರುತ್ತೀ?” ಎಂದರು ಗುರುಗಳು.