ನಿಂಬೆವ್ವನ ದನಿ ಹಿಡಿದ ಮಗ

ನಿಂಬೆವ್ವನಿಗೆ ಗಂಟಲು ಕೊಡುವಾಗ ದೇವರು ಬೊಗಸೆ ತುಂಬ ಕೊಟ್ಟ. ಅವಳ ಮಗ ಮುರಿಗೆಪ್ಪನಿಗೆ ಬುದ್ಧಿ ಕೊಡುವ ಹೊತ್ತಿಗೆ ಆ ದೇವರಿಗೆ ನಿದ್ದೆ ಬಂದಿತ್ತೋ ಏನೋ. "ನಾ ಬರೂತನಕ ಒಲಿ ಊದು" ಎಂದು ಹೇಳಿ ಹೋದರೆ, ಅನ್ನ ಸೀದು ಕರ್ರಗಾದರೂ ಊದುತ್ತಲೇ ಇರುತ್ತಿದ್ದ. ಮೀಸೆ ಬಂತು, ಬುದ್ಧಿ ಬರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಸಿಗಬೇಕಾದರೆ ಪುಣ್ಯ ಬೇಕು ಎಂದು ಓಣಿಯವರು ನಗುತ್ತಿದ್ದರು. ನಿಂಬೆವ್ವ ನಗುತ್ತಿರಲಿಲ್ಲ. ಏಳು, ಮೈತೊಳಿ, ಉಣ್ಣು, ಮಲಗು ಎಂದು ಎಲ್ಲವನ್ನೂ ಅವಳೇ ಬಾಯಿಬಿಟ್ಟು ಹೇಳಬೇಕಿತ್ತು.

ಅದು ನೇಕಾರರ ಊರು. ಹಗಲೆಲ್ಲ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಆ ಸದ್ದನ್ನೂ ಮೀರಿ ಕೇಳುವ ದನಿ ನಿಂಬೆವ್ವನದು. ಭಜನಾ ಮೇಳದಲ್ಲಿ ಅವಳು ಪದ ಎತ್ತಿದರೆ ಹೊರಗೆ ಬೀಡಿ ಸೇದುತ್ತ ನಿಂತವರೂ ಒಳಗೆ ಬಂದು ಕೂರುತ್ತಿದ್ದರು. ಅಂಥ ಗಂಟಲಲ್ಲೇ ಗಂಟು ಎದ್ದಿತು. ಡಾಕ್ಟರು ನೋಡಿ, "ಕೊಯ್ದು ತೆಗೀಬೇಕವ್ವ. ಜೀವ ಉಳೀತೈತಿ, ದನಿ ಹೋಗತೈತಿ" ಎಂದರು. ಹೋಳಿ ಹುಣ್ಣಿಮೆ ಆದ ಮೇಲೆ ಆಪರೇಷನ್ ಎಂದು ನಿಗದಿಯಾಯಿತು.

ನಿಂಬೆವ್ವ ಒಂದು ದಿನ ಅತ್ತಳು. ಆಮೇಲೆ, ಹೋಗುವ ದನಿಯನ್ನು ಹಿಡಿದಿಡಬೇಕು ಎಂದಳು. ಮೇಳದ ಹಾರ್ಮೋನಿಯಂ ಬಾರಿಸುವ ಪಂಪಯ್ಯ ತನ್ನ ರೆಕಾರ್ಡಿಂಗ್ ಯಂತ್ರ ಕೊಟ್ಟ. ಜೊತೆಗೆ ಮೈಕು, ಕಿವಿಗೆ ಹಾಕುವ ಹೆಡ್‌ಫೋನು. ಮೇಳದಲ್ಲಿ ಎಲ್ಲರ ಕೈಗೂ ಕೆಲಸ. ಖಾಲಿ ಕೈ ಮುರಿಗೆಪ್ಪನದು ಮಾತ್ರ.

"ಬ್ಯಾರೆ ಯಾರಿಗರ ಕೊಡು ನಿಂಬೆವ್ವ" ಎಂದ ಪಂಪಯ್ಯ.

"ನಾಳೆ ಇದನ್ನ ಹಾಕ್ಕೊಂಡು ನನ್ನ ದನಿ ಕೇಳಾಂವ ಅವನ. ಅವನ ಹಿಡೀಲಿ" ಎಂದಳು. ಮಗನನ್ನು ಕರೆದು ಬಿಡಿಸಿ ಹೇಳಿದಳು, "ಹಾಡು ಎಲ್ಲಿ ಜೋರ ಕೇಳತೈತಿ, ಅಲ್ಲಿ ಇಡು."

"ಆತವ್ವ."

ಸೋಮವಾರ ಮಠದಲ್ಲಿ ಭಜನೆ. ಹಾಡು ಎಲ್ಲಿ ಜೋರು? ಧ್ವನಿವರ್ಧಕದ ಬಾಯಲ್ಲಿ. ಮುರಿಗೆಪ್ಪ ಮೈಕನ್ನು ಅದರ ಬಾಯೊಳಗೇ ತುರುಕಿ, ಹಗ್ಗ ಬಿಗಿದು ಕಟ್ಟಿದ. ಮನೆಗೆ ಬಂದು ಕೇಳಿದರೆ ಹಾಡೂ ಇಲ್ಲ ಪಾಡೂ ಇಲ್ಲ, ತಗಡು ಹರಿದಂಥ ಕರಕರ ಸದ್ದು. ನಿಂಬೆವ್ವ ಹಣೆ ಹಣೆ ಬಡಿದುಕೊಂಡಳು.

"ಎಂಥ ಪೆದ್ದ ಹುಟ್ಟಿದಿಯೋ ನನ್ನ ಹೊಟ್ಟ್ಯಾಗ. ಆ ಧ್ವನಿವರ್ಧಕದಿಂದ ದೂರ ಇರಬೇಕೋ, ದೂರ."

"ಆತವ್ವ, ದೂರ ಇರತೀನಿ."

ಮುಂದಿನ ಕಾರ್ಯಕ್ರಮ ಒಂದು ಹೊಸ ಮನೆಯ ವಾಸ್ತುಶಾಂತಿಗೆ. ಧ್ವನಿವರ್ಧಕ ಕಂಡದ್ದೇ ತಡ, ಮುರಿಗೆಪ್ಪ ಯಂತ್ರ ಹೊತ್ತು ನಡೆದ. ಓಣಿ ದಾಟಿದ, ಸಂತೆ ಬಯಲು ದಾಟಿದ, ಕೆರೆ ಏರಿಯ ಮೇಲೆ ಹೋಗಿ ಕೂತ. ಕೇಳಿದರೆ ಮಗ್ಗದ ಟಕಟಕ, ಎಮ್ಮೆಯ ಕೂಗು, ಬಟ್ಟೆ ಒಗೆಯುವವರ ಜಗಳ. ಅದರ ಹಿಂದೆಲ್ಲೋ ಸೊಳ್ಳೆಯಷ್ಟು ಸಣ್ಣಗೆ ನಿಂಬೆವ್ವನ ಹಾಡು. ಆ ದಿನ ಅವಳು ಗಂಟಲ ನೋವು ನುಂಗಿಕೊಂಡು ಹಾಡಿದ್ದಳು. ಬೈಯಲು ಹೋದರೆ ದನಿಯೂ ಒಡೆಯಿತು.

"ಊರು ಬಿಟ್ಟು ಹೋಗಂದ್ನೇನೋ? ನನ್ನ ಬಾಯಿ ಮುಂದ ಹಿಡಿ. ನನ್ನ ದನಿ ಬಿಟ್ಟು ಬ್ಯಾರೆ ಸದ್ದು ಒಂದೂ ಬರಬಾರದು."

"ಆತವ್ವ, ಒಂದೂ ಬರಬಾರದು."

ಮೂರನೆಯದು ಒಬ್ಬ ಹಿರಿಯ ನೇಕಾರ ತೀರಿಕೊಂಡ ಮನೆ. ಹೆಣದ ಮುಂದೆ ಭಜನೆ. ಮುರಿಗೆಪ್ಪ ಮೈಕನ್ನು ಅವ್ವನ ಬಾಯಿ ಮುಂದೆ ನೆಟ್ಟ, ಇಷ್ಟು ಸರಿ. ಆಮೇಲೆ ತಾಳ ಹಾಕುವವನ ತಾಳ ಕಸಿದ. ಪಂಪಯ್ಯನ ಹಾರ್ಮೋನಿಯಂ ಮೇಲೆ ಹೋಗಿ ಕೂತ. ಇನ್ನೂ ಒಂದು ಸದ್ದು ಉಳಿದಿತ್ತು, ಸತ್ತವನ ಹೆಂಡತಿ ಅಳುತ್ತಿದ್ದಳು. ಮುರಿಗೆಪ್ಪ ಹೋಗಿ ಅವಳ ಬಾಯಿ ಮುಚ್ಚಿ ಹಿಡಿದ. ಜನ ಎದ್ದರು. ಮುರಿಗೆಪ್ಪನ ಬೆನ್ನಿಗೆ ಪೆಟ್ಟು ಬಿತ್ತು, ಮೇಳಕ್ಕೆ ಛೀಮಾರಿ ಬಿತ್ತು, ಹಾಡು ಅರ್ಧಕ್ಕೆ ನಿಂತಿತು.

ಆವತ್ತು ನಿಂಬೆವ್ವ ನಾಚಿಕೆಯಿಂದ ಮುಖದ ಮೇಲೆ ಸೆರಗು ಎಳೆದುಕೊಂಡು ಮನೆಗೆ ಬಂದಳು. ಗಂಟಲು ಬಿಗಿಯುತ್ತ ಬಂದಿತ್ತು. ಇನ್ನೊಂದು ಪದ ಹಾಡಿದರೆ ಹೆಚ್ಚು ಎಂದು ಅವಳಿಗೇ ತಿಳಿದಿತ್ತು. ಅವಳ ಅಜ್ಜಿ ಕಲಿಸಿದ ಪದವೊಂದಿತ್ತು. ಅದು ಊರಲ್ಲಿ ಮತ್ಯಾರಿಗೂ ಬರುತ್ತಿರಲಿಲ್ಲ. ಅದನ್ನಾದರೂ ಉಳಿಸಬೇಕು ಎಂದು ಅವಳ ಜೀವ ಹಂಬಲಿಸಿತು.

"ಮನ್ಯಾಗ ಹಾಡತೀನಿ. ಶುಕ್ರವಾರ ಮಧ್ಯಾಹ್ನ ಕರೆಂಟ್ ತೆಗೀತಾರ, ಮಗ್ಗ ನಿಲ್ಲತಾವ. ಮಂದಿ ಮೈ ಮುಟ್ಟಬ್ಯಾಡ ನೀ. ಮೊದಲನೇ ಹಾಡು ಹಿಡೀಬ್ಯಾಡ. ಅದು ನಡೆದಾಗ ಹೆಡ್‌ಫೋನ್ ಹಾಕ್ಕೊಂಡು ದನಿ ಏರೂದು ಇಳಿಯೂದು ಕೇಳು, ಯಂತ್ರ ಸರಿ ಮಾಡ್ಕೊ. ಎರಡನೇ ಹಾಡಿಗೆ ಗುಂಡಿ ಒತ್ತು. ತಿಳೀತ?"

"ತಿಳೀತವ್ವ. ಎರಡನೇದಕ್ಕ ಒತ್ತತೀನಿ."

ಮೇಳದವರು ಮೊದಲು ಗುರುಸ್ತುತಿ ಹೇಳುವುದು, ಅದು ಮುಗಿದ ಮೇಲೆ ತಾನು ಎಂದು ಅವಳ ಲೆಕ್ಕ.

ಶುಕ್ರವಾರ ಓಣಿಯ ಜನವೆಲ್ಲ ಅಂಗಳದಲ್ಲಿ ನೆರೆದರು. ಕರೆಂಟ್ ಹೋಯಿತು, ಮಗ್ಗ ನಿಂತವು, ಊರೇ ಉಸಿರು ಹಿಡಿದಂತಾಯಿತು. ಮೇಳದವರು ತಾಳ ಎತ್ತುವಷ್ಟರಲ್ಲಿ ನಿಂಬೆವ್ವನ ಗಂಟಲು ಹಿಸುಕಿದಂತಾಯಿತು. ತಡಮಾಡಿದರೆ ಆಗಲಿಕ್ಕಿಲ್ಲ ಎಂದು ಹೆದರಿ, ಕೈಸನ್ನೆಯಿಂದ ಅವರನ್ನು ತಡೆದು ತಾನೇ ಪದ ಎತ್ತಿದಳು.

ಎಂಥ ಹಾಡು ಅದು! ಒಡಕು ದನಿ, ಒಡಕಲ್ಲೇ ಒಂದು ಬೆಳಕು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುರಿಗೆಪ್ಪ ಅಲುಗಾಡಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಒಂದು ಬಿರಡೆ ಇಷ್ಟು ತಿರುಗಿಸಿದ, ಇನ್ನೊಂದು ಅಷ್ಟು. ಮಗನಿಗೆ ಕೊನೆಗೂ ಬುದ್ಧಿ ಬಂತು ಎಂದು ನಿಂಬೆವ್ವನ ಎದೆ ತುಂಬಿತು. ಕೊನೆಯ ನುಡಿಗೆ ಇದ್ದಬದ್ದ ಉಸಿರನ್ನೆಲ್ಲ ಕೊಟ್ಟು, ಪದ ಮುಗಿಸಿ, ಗೋಡೆಗೆ ಒರಗಿದಳು.

ಮುರಿಗೆಪ್ಪ ಹೆಡ್‌ಫೋನ್ ಸರಿಸಿ ನಕ್ಕ. "ಯಂತ್ರ ಪಕ್ಕಾ ಸರಿ ಆತವ್ವ. ಈಗ ಎರಡನೇದು ಹಾಡು." ಎಂದವನೇ ಗುಂಡಿ ಒತ್ತಿ ಮೈಕು ಹಿಡಿದ.

ನಿಂಬೆವ್ವ ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೆ ತೆರೆದಳು. ಆಮೇಲೆ ಅತ್ತಳು. ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕರೆಂಟ್ ಬಂದು ಮೊದಲ ಮಗ್ಗ ಟಕ್ ಎನ್ನುವಷ್ಟರಲ್ಲಿ ಮುರಿಗೆಪ್ಪ ಯಂತ್ರ ಬಂದ್ ಮಾಡಿದ್ದ.

ಹುಣ್ಣಿಮೆ ಕಳೆಯಿತು, ಆಪರೇಷನ್ ಆಯಿತು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ನಿಂಬೆವ್ವ ಮನೆಗೆ ಬಂದಳು. ಮಗ ಓಡಿ ಬಂದು ಅವಳ ಕಿವಿಗೆ ಹೆಡ್‌ಫೋನ್ ಹಾಕಿದ.

"ಕೇಳವ್ವ. ಮಗ್ಗ ಇಲ್ಲ, ಎಮ್ಮಿ ಇಲ್ಲ, ಕರಕರ ಇಲ್ಲ. ನಿನ್ನ ದನಿ ಒಂದ."

ನಿಂಬೆವ್ವ ತನ್ನ ಅಳುವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಬಿಕ್ಕು ಬಿಕ್ಕೂ ಸ್ವಚ್ಛವಾಗಿತ್ತು. ಮಗನ ಮುಖ ನೋಡಿದಳು. ಬಾಯಿ ತೆರೆದು ತುಟಿ ಆಡಿಸಿದಳು, ಕೈ ಎತ್ತಿದಳು, ಇಳಿಸಿದಳು. ಮುರಿಗೆಪ್ಪ ಬೈಗುಳಕ್ಕೆ ಕಾದ, ಬುದ್ಧಿಮಾತಿಗೆ ಕಾದ. ಯಾವುದೂ ಬರಲಿಲ್ಲ.

ಅವನ ಮುಖ ಅರಳಿತು. ಯಂತ್ರ ಎದೆಗವಚಿಕೊಂಡು ಓಣಿಗೆ ಓಡಿದವನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತ ಹೋದ, "ಈ ಸಲ ಚಲೋ ಹಿಡಿದೀನಿ. ಅವ್ವ ನನಗ ಬೈಲೇ ಇಲ್ಲ."